ಅಂಗಳದಲ್ಲಿ ಎರಡು ಬಾಲಗಳು

ನಾಯಿಮರಿ ಮನೆಗೆ ಬಂದ ಐದನೆಯ ದಿನ ಅದನ್ನು ಮೊದಲ ಸಲ ಅಂಗಳಕ್ಕೆ ಬಿಟ್ಟೆ. ನಾಲ್ಕು ವರ್ಷಗಳಿಂದ ಆ ಅಂಗಳದ ಒಡೆತನವನ್ನು ಯಾರ ತಕರಾರೂ ಇಲ್ಲದೆ ಅನುಭವಿಸಿಕೊಂಡು ಬಂದಿದ್ದ ನಮ್ಮ ಬೆಕ್ಕು ಆಗ ಕಾಂಪೌಂಡ್ ಗೋಡೆಯ ಬುಡದ ಬಿಸಿಲಿನಲ್ಲಿ ಕುಳಿತು ಮೈ ನೆಕ್ಕಿಕೊಳ್ಳುತ್ತಿತ್ತು. ಮರಿಗೆ ಹತ್ತು ವಾರ. ಕಣ್ಣಿಗೆ ಬಿದ್ದದ್ದೆಲ್ಲ ತನ್ನೊಡನೆ ಆಡುವುದಕ್ಕೇ ಇದೆಯೆಂದು ನಂಬುವ ಪ್ರಾಯ. ಬೆಕ್ಕನ್ನು ಕಂಡದ್ದೇ ತಡ, ತನ್ನ ಕಾಲಿಗೆ ತಾನೇ ತೊಡರಿಕೊಳ್ಳುತ್ತ ಓಡಿತು.

ಹತ್ತಿರ ಹೋದ ಮರಿ ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆಯನ್ನು ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ಬಾಲ ಅಲ್ಲಾಡಿಸತೊಡಗಿತು. ನಾಯಿಗಳು ಒಂದನ್ನೊಂದು ಆಟಕ್ಕೆ ಕರೆಯುವುದು ಹೀಗೆಯೇ. ಬೆಕ್ಕಿನ ಬಾಲವೂ ಅಲ್ಲಾಡಿತು. ಮರಿ ಅದನ್ನು ಒಪ್ಪಿಗೆಯೆಂದೇ ತಿಳಿದಿರಬೇಕು. ಬೆಕ್ಕು ಬಾಲವನ್ನು ಹಾಗೆ ಅತ್ತಿತ್ತ ರಪರಪನೆ ಬಡಿದರೆ ಅದು ಸಿಟ್ಟಿನ ಲಕ್ಷಣ ಎಂಬುದನ್ನು ಅದಕ್ಕೆ ಯಾರು ಹೇಳಬೇಕು? ಮರಿ ಇನ್ನಷ್ಟು ಹತ್ತಿರ ಸರಿದು, ಸಲುಗೆಯಿಂದ ಒಂದು ಮುಂಗಾಲನ್ನು ಎತ್ತಿತು. ಬೆಕ್ಕೂ ಒಂದು ಮುಂಗಾಲನ್ನು ಎತ್ತಿತು. ನಾಯಿ ಎತ್ತಿದ ಕಾಲು ಕರೆಯಾದರೆ, ಬೆಕ್ಕು ಎತ್ತಿದ ಕಾಲು ಏಟಿನ ಸಿದ್ಧತೆ. ಕಿವಿಗಳು ತಲೆಗೆ ಅಂಟಿಕೊಂಡವು, ಒಮ್ಮೆ ಬುಸ್ಸೆಂದಿತು, ಮರುಕ್ಷಣವೇ ಮರಿಯ ಮೂತಿಗೆ ಎರಡು ಏಟು ಬಿದ್ದವು. ಓಡಿಹೋಗಿ ಮೂಗನ್ನು ಹಿಡಿದು ನೋಡಿದರೆ ಒಂದು ಗೀರೂ ಇರಲಿಲ್ಲ. ಬೆಕ್ಕು ಉಗುರುಗಳನ್ನು ಒಳಗೇ ಇಟ್ಟುಕೊಂಡು ಹೊಡೆದಿತ್ತು. ಮರಿ ನೆಲಕ್ಕೆ ಕುಕ್ಕರಿಸಿ ಒಮ್ಮೆ ಸೀನಿತು, ಅಷ್ಟೆ. ಬೆಕ್ಕು ಗೋಡೆಯ ಮೇಲಿತ್ತು.

ಬೆಕ್ಕನ್ನು ಎತ್ತಿಕೊಂಡು ನಾಯಿಗೆ ಪರಿಚಯ ಮಾಡಿಸುವ ತಪ್ಪನ್ನು ನಾನು ಹಿಂದೊಮ್ಮೆ ಮಾಡಿದ್ದೇನೆ. ಮುಂಗೈಯಲ್ಲಿ ಅದರ ಗುರುತು ಇಂದಿಗೂ ಇದೆ. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಬೆಕ್ಕು ಯಾರ ಕೈಯಲ್ಲಿದ್ದೇನೆಂದು ನೋಡುವುದಿಲ್ಲ. ಈ ಕಾರಣಕ್ಕೇ ಇಂಥ ಭೇಟಿಗೆ ಕೋಣೆಗಿಂತ ಅಂಗಳವೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಎಷ್ಟು ದೂರದಲ್ಲಿರಬೇಕೆಂಬುದನ್ನು ಅಲ್ಲಿ ಬೆಕ್ಕೇ ತೀರ್ಮಾನಿಸಬಹುದು. ಆದರೆ ಓಡುವ ಬೆಕ್ಕು ಎಂಥ ಸಾಧು ನಾಯಿಯನ್ನೂ ಬೆನ್ನಟ್ಟುವಂತೆ ಮಾಡುತ್ತದೆ, ಆ ಚಟ ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ. ಆದುದರಿಂದ ಮರುದಿನದಿಂದ ಮರಿಯ ಕೊರಳಿಗೆ ಉದ್ದನೆಯ ಹಗುರವಾದ ಹಗ್ಗ ಕಟ್ಟಿ, ಅದರ ತುದಿಯನ್ನು ನನ್ನ ಕಾಲಡಿ ಇಟ್ಟುಕೊಂಡು ಕೂರತೊಡಗಿದೆ.

ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಮನೆಯಲ್ಲಿ ಬೆಳೆಯುವ ನಾಯಿ ಬೆಕ್ಕುಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆಕ್ಕು ಮೊದಲು ಮನೆಗೆ ಬಂದಿದ್ದರೆ, ಮತ್ತು ಭೇಟಿಯ ಹೊತ್ತಿಗೆ ಬೆಕ್ಕಿಗೆ ಆರು ತಿಂಗಳು, ನಾಯಿಗೆ ಒಂದು ವರ್ಷ ಮೀರಿರದಿದ್ದರೆ ಹೊಂದಾಣಿಕೆ ಸುಲಭ. ಅವುಗಳಲ್ಲಿ ಬಹಳಷ್ಟು ಒಂದರ ಸನ್ನೆಯನ್ನು ಇನ್ನೊಂದು ಓದಲು ಕಲಿಯುತ್ತವೆ. ನಮ್ಮ ಬೆಕ್ಕಿನ ವಯಸ್ಸು ಈ ಲೆಕ್ಕವನ್ನು ಎಂದೋ ದಾಟಿತ್ತು. ಹಾಗಾಗಿ ಮರಿಯ ಮೇಲೆಯೇ ಭಾರ ಹಾಕಿ ಕಾದೆ.

ಎರಡನೆಯ ವಾರದ ಒಂದು ಸಂಜೆ ಮರಿ ನೇರವಾಗಿ ನುಗ್ಗದೆ, ಬಳಸಿಕೊಂಡು ಬಂದು, ಬೆಕ್ಕಿನಿಂದ ಎರಡು ಮಾರು ದೂರದಲ್ಲಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿ, ಮುಖವನ್ನು ಬೇರೆ ಕಡೆಗೆ ತಿರುಗಿಸಿತು. ಬಾಲದ ತುದಿ ಮಾತ್ರ ತಡೆಯಲಾರದೆ ಮಣ್ಣನ್ನು ಗುಡಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಬೆಕ್ಕು ಎದ್ದು, ಒಂದೊಂದೇ ಹೆಜ್ಜೆಯನ್ನು ಅಳೆದು ಇಡುತ್ತ ಬಂದು, ಕತ್ತನ್ನು ನೀಳವಾಗಿ ಚಾಚಿ, ಪರಿಚಯದ ಬೆಕ್ಕುಗಳು ಎದುರಾದಾಗ ಮಾಡುವಂತೆ ಮರಿಯ ಮೂಗಿಗೆ ತನ್ನ ಮೂಗನ್ನು ತಾಗಿಸಿತು. ಮರಿ ಉಸಿರು ಬಿಗಿಹಿಡಿದಂತೆ ಸುಮ್ಮನಿತ್ತು. ಬೆಕ್ಕು ಬಾಲವನ್ನು ನೆಟ್ಟಗೆ ನಿಮಿರಿಸಿ, ತುದಿಯನ್ನು ಕೊಂಚ ಬಾಗಿಸಿಕೊಂಡು ಹಿಂತಿರುಗಿತು.

ನೆಟ್ಟಗೆ ನಿಂತ ಬಾಲವನ್ನು ಕಂಡ ಮರಿ ಕಲಿತದ್ದನ್ನೆಲ್ಲ ಮರೆತು ಅದರ ಮೇಲೆ ಎಗರಿತು. ಬೆಕ್ಕು ಮತ್ತೆ ಗೋಡೆ ಹತ್ತಿತು. ಈ ಸಲ ಮಾತ್ರ ಅದರ ಬಾಲ ಗೋಡೆಯಿಂದ ಕೆಳಗೆ ಇಳಿಬಿದ್ದಿತ್ತು, ಮರಿ ಎಷ್ಟೇ ನೆಗೆದರೂ ಒಂದು ಗೇಣು ಸಾಲದಷ್ಟು ಎತ್ತರದಲ್ಲಿ.