ಕೇಳ್ತಿದ್ದೀಯೋ, ಹೇಳ್ತಿದ್ದೀಯೋ?

ಕಳೆದ ಸೋಮವಾರ ರಾತ್ರಿ ಒಂಬತ್ತೂವರೆಗೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಲೋಕಲ್ ರೈಲಿನಿಂದ ಇಳಿದು ನಮ್ಮ ಬಿಲ್ಡಿಂಗಿನ ಗೇಟು ದಾಟುತ್ತಿದ್ದೆ. ವಾಚ್‌ಮನ್ ಚಾಚಾ ಪಕ್ಕಕ್ಕೆ ಕರೆದು ಕೈಗೆ ಒಂದು ಚಿಕ್ಕ ಪ್ಯಾಕೆಟ್ ಇಟ್ಟರು. ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಸಿಕ್ಕಿತಂತೆ. ಒಳಗೆ ತೆಳ್ಳಗಿನ ಉದ್ದುದ್ದ ಕಾಗದ. ಇಲ್ಲಿನ ಹುಡುಗರು ಗೋಗೋ ಅನ್ನುತ್ತಾರಲ್ಲ, ಅದು. ಪಾನ್ ಅಂಗಡಿಯಲ್ಲೇ ಸಿಗುತ್ತದೆ. ಗಾಂಜಾ ಸುತ್ತೋಕೆ ಬೇಕಾಗೋದು. "ನಿಮ್ಮ ಹುಡುಗನೂ ಅಲ್ಲಿ ಕೂತಿರ್ತಾನೆ ಸಾಬ್. ಸೆಕ್ರೆಟರಿಗೆ ಇನ್ನೂ ಹೇಳಿಲ್ಲ" ಅಂದರು. ಹನ್ನೆರಡು ವರ್ಷದಿಂದ ನನ್ನ ಮಗ ಬೆಳೆಯೋದನ್ನು ನೋಡಿದ ಮನುಷ್ಯ. ಮೊದಲು ನನಗೇ ಹೇಳಬೇಕು ಅಂತ ಅವರಿಗೆ ಅನ್ನಿಸಿತಲ್ಲ, ಆ ಋಣ ದೊಡ್ಡದು.

ಲಿಫ್ಟು ನಾಲ್ಕನೇ ಮಹಡಿ ಮುಟ್ಟೋ ಹೊತ್ತಿಗೆ ನನ್ನ ತಲೆಯಲ್ಲಿ ಎಲ್ಲ ತೀರ್ಮಾನ ಆಗಿಹೋಗಿತ್ತು. ಚಪ್ಪಲಿ ಕೂಡ ಬಿಡಲಿಲ್ಲ. ಮಗ ಮೊಬೈಲ್ ಹಿಡಿದು ಸೋಫಾದಲ್ಲಿ ಕೂತಿದ್ದ. "ಗಾಂಜಾ ಸೇದ್ತೀಯಾ ನೀನು? ಯಾರು ಕಲಿಸಿದ್ದು? ದುಡ್ಡು ಎಲ್ಲಿಂದ ಬಂತು? ಮಾನ ಮರ್ಯಾದೆ ಎಲ್ಲಾ ಹೋಯ್ತು" ಅಂತ ಒಂದೇ ಉಸಿರಿಗೆ ಕೂಗಾಡಿದೆ. ಅವನು ತಲೆ ಎತ್ತಿ ಸಣ್ಣ ದನಿಯಲ್ಲಿ ಒಂದೇ ಮಾತು ಅಂದ.

"ಪಪ್ಪಾ, ನೀನು ಕೇಳ್ತಿದ್ದೀಯೋ, ಹೇಳ್ತಿದ್ದೀಯೋ?"

ನನ್ನ ಕೈ ಮೇಲೆ ಹೋಯಿತು. ಹೆಂಡತಿ ಅಡುಗೆಮನೆಯಿಂದ ಓಡಿಬಂದು ಹಿಡಿದುಕೊಂಡಳು. ಅವನು ಎದ್ದು ರೂಮಿಗೆ ಹೋಗಿ ಚಿಲಕ ಹಾಕಿದ. ಹದಿನೇಳು ವರ್ಷದ ಮಗ, ಹನ್ನೆರಡನೇ ಕ್ಲಾಸು. ಆ ಚಿಲಕದ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

ಮಂಗಳವಾರ ಬೆಳಿಗ್ಗೆ ಲೋಕಲ್‌ನಲ್ಲಿ ನಿಂತಾಗ ಅದೇ ಮಾತು ತಲೆಯೊಳಗೆ ಸುತ್ತುತ್ತಿತ್ತು. ಮೊದಲು ಅದು ಉದ್ಧಟತನ ಅನ್ನಿಸಿತು. ಠಾಣೆ ದಾಟುವಾಗ, ಅವನು ತಪ್ಪಿಸಿಕೊಳ್ಳೋಕೆ ಹಾಗಂದ ಅನ್ನಿಸಿತು. ದಾದರ್ ಬರೋ ಹೊತ್ತಿಗೆ ಬೇರೆಯೇ ಏನೋ ಅನ್ನಿಸತೊಡಗಿತು. ಅಷ್ಟೆಲ್ಲ ಪ್ರಶ್ನೆ ಹಾಕಿದೆನಲ್ಲ, ಒಂದಕ್ಕಾದರೂ ಉತ್ತರ ಕೇಳೋಕೆ ನಾನು ನಿಂತಿದ್ದೆನಾ?

ಆ ದಿನ ಮನೆಯಲ್ಲಿ ಎಲ್ಲರೂ ಒಂದೊಂದು ಹೇಳಿದರು. ಅಮ್ಮ ಯಾರದೋ ಕಣ್ಣು ಬಿದ್ದಿದೆ ಅಂದರು. ಭಾಂಡುಪ್‌ನಲ್ಲಿ ಹೋಟೆಲ್ ನಡೆಸುವ ನಮ್ಮ ಭಾವ ಫೋನಿನಲ್ಲೇ ತೀರ್ಪು ಕೊಟ್ಟರು. "ಊರಿಗೆ ಕಳಿಸು. ಎರಡು ತಿಂಗಳು ತೋಟದಲ್ಲಿ ದುಡೀಲಿ. ಇಲ್ಲಾಂದ್ರೆ ನಾಳೆ ಪೊಲೀಸ್ ಬಾಗಿಲಿಗೆ ಬರ್ತಾರೆ." ಭಾವನ ಮೇಲೆ ನನಗೆ ಗೌರವ ಇದೆ. ಹದಿಮೂರನೇ ವಯಸ್ಸಿಗೆ ಕುಂದಾಪುರದಿಂದ ಬಂದು ಹಗಲೆಲ್ಲ ಲೋಟ ತೊಳೆದು, ಮುಂಬೈಯ ಫೋರ್ಟ್‌ನ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. ಕಷ್ಟವೇ ಅವರನ್ನು ಬೆಳೆಸಿತು. ಆದರೆ ಎಲ್ಲ ನೋವಿಗೂ ಕಷ್ಟವೇ ಮದ್ದು ಅಂತ ಅವರು ನಂಬಿದ್ದಾರೆ, ಅದು ನನಗೆ ಒಪ್ಪಿಗೆ ಇಲ್ಲ. ಅಲ್ಲದೆ ಊರಿನಲ್ಲಿ ಗಾಂಜಾ ಸಿಗೋದಿಲ್ಲ ಅಂತ ಯಾರು ಹೇಳಿದರು?

ನಾನೂ ಒಂದು ಬುದ್ಧಿ ಓಡಿಸಿದೆ. ಸ್ಟೇಷನ್ ಹತ್ತಿರದ ಮೆಡಿಕಲ್‌ನಲ್ಲಿ ಮೂತ್ರ ಪರೀಕ್ಷೆಯ ಕಿಟ್ ಕೊಂಡು ಆಫೀಸ್ ಬ್ಯಾಗಿನಲ್ಲಿ ಇಟ್ಟುಕೊಂಡೆ. ಹೆಂಡತಿಗೆ ತೋರಿಸಿದೆ. ಅವಳು ಕೇಳಿದ್ದು ಇಷ್ಟೇ: "ಅವನಿಗೆ ಹೇಳಿ ಮಾಡಿಸ್ತೀರಾ, ಕದ್ದು ಮಾಡ್ತೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಬುಧವಾರ ಊಟದ ಬಿಡುವಿನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಕೂತು 14446ಕ್ಕೆ ಫೋನ್ ಮಾಡಿದೆ. ಕೇಂದ್ರ ಸರ್ಕಾರದ ನಶಾಮುಕ್ತಿ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ನನಗೆ ಹಿಂದಿ ಸಾಕಾಯಿತು. ಮನಸ್ಸಿನ ಕಷ್ಟ ಹೇಳಿಕೊಳ್ಳಲು 14416 ಅಂತ ಟೆಲಿ ಮಾನಸ್ ಇದೆ, ಅಲ್ಲಿ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಹೆಂಡತಿ ಆಮೇಲೆ ಅದಕ್ಕೆ ಮಾಡಿದಳು.

ಫೋನಿನ ಆ ಕಡೆ ಇದ್ದ ಹೆಣ್ಣುಮಗಳು ಮಗನ ವಿಷಯಕ್ಕಿಂತ ಮೊದಲು ನನ್ನನ್ನೇ ವಿಚಾರಿಸಿದಳು. ರಾತ್ರಿ ನಿದ್ದೆ ಆಯಿತಾ ಅಂದಳು. ಗಂಟಲು ಕಟ್ಟಿತು, ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಆಮೇಲೆ ಒಂದೊಂದೇ ಕೇಳಿದಳು. ನಿದ್ದೆ, ಊಟ, ಮಾರ್ಕ್ಸು, ಗೆಳೆಯರು, ದುಡ್ಡು ಕಾಣೆಯಾಗೋದು. ಇವೆಲ್ಲ ಕೆಲವು ವಾರಗಳಿಂದ ಒಟ್ಟಿಗೆ ಬದಲಾಗಿದೆಯಾ? ಕಣ್ಣು ಕೆಂಪಾಗಿದೆ, ಸಿಡುಕುತ್ತಾನೆ ಅನ್ನೋದರಿಂದಲೇ ನಶೆ ಅಂತ ಹೇಳೋಕಾಗಲ್ಲ, ಖಿನ್ನತೆಯಲ್ಲೂ ಹಾಗೇ ಇರುತ್ತದೆ, ನಿದ್ದೆಗೆಟ್ಟು ಓದುವವರಲ್ಲೂ ಇರುತ್ತದೆ ಅಂದಳು. ಕಿಟ್ ವಿಷಯ ಹೇಳಿದೆ. ಗಾಂಜಾದ ಅಂಶ ಒಂದೆರಡು ಸಲ ಸೇದಿದವರ ಮೂತ್ರದಲ್ಲಿ ಕೆಲವು ದಿನ ಇರುತ್ತದೆ, ದಿನಾ ಸೇದುವವರಲ್ಲಿ ವಾರಗಟ್ಟಲೆ. ವೈಟ್ನರ್, ಪಂಕ್ಚರ್ ಸೊಲ್ಯೂಶನ್ ಮೂಸುವುದು ಇಂಥ ಕಿಟ್‌ನಲ್ಲಿ ಕಾಣೋದೇ ಇಲ್ಲ. "ಸೇದಿದನಾ ಅಂತ ಗೊತ್ತಾಗಬಹುದು. ಯಾಕೆ ಸೇದಿದ ಅಂತ ಅವನೇ ಹೇಳಬೇಕಲ್ವಾ" ಅಂದಳು. ಅದನ್ನು ಕದ್ದು ಮಾಡಿದರೆ ಆಮೇಲೆ ಅವನು ಬಾಯಿ ಬಿಡುವುದು ಕಷ್ಟ ಅಂತಲೂ ಎಚ್ಚರಿಸಿದಳು.

ಭಾವ ಹೆದರಿಸಿದ ಪೊಲೀಸ್ ವಿಷಯವನ್ನೂ ಕೇಳಿದೆ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದಿದ್ದಕ್ಕೂ ಶಿಕ್ಷೆ ಇದೆ, ನಿಜ. ಅದೇ ಕಾಯ್ದೆಯ 64ಎ ಕಲಮಿನಲ್ಲಿ, ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ಅವಕಾಶವೂ ಇದೆಯಂತೆ. ನಮ್ಮ ಜನ ಕಾಯ್ದೆಯ ಮೊದಲರ್ಧ ಮಾತ್ರ ಕೇಳಿಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ. ಆಫೀಸಿನ ಗೆಳೆಯನೊಬ್ಬ ತನ್ನ ತಮ್ಮನ ವಿಷಯ ಮೊದಲ ಸಲ ನನ್ನ ಹತ್ತಿರ ಬಾಯಿಬಿಟ್ಟದ್ದು ಈ ವಾರವೇ. ತಮ್ಮನಿಗೆ ಪುಣೆಯ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರದಲ್ಲಿ ಚಿಕಿತ್ಸೆ ಆಗಿತ್ತು. 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ಕಟ್ಟಿದ ಸಂಸ್ಥೆ ಅದು. ಎಂಟು ವರ್ಷ ಪಕ್ಕದ ಟೇಬಲ್‌ನಲ್ಲಿ ಕೂತವನು, ಒಂದು ಸಲವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮ ಭಾಷೆಯಲ್ಲಿ ಪ್ರಶ್ನೆ ಹಾಕೋದಕ್ಕೂ ಕೇಳೋದು ಅಂತೀವಿ, ಕಿವಿ ಕೊಡೋದಕ್ಕೂ ಕೇಳೋದು ಅಂತೀವಿ. ಆ ರಾತ್ರಿ ಮಗ ಯಾವುದನ್ನು ಮನಸ್ಸಿನಲ್ಲಿಟ್ಟು ಹಾಗಂದನೋ. ಎರಡನ್ನೂ ನಾನು ಮಾಡಿರಲಿಲ್ಲ.

ಭಾನುವಾರ ಮುಲುಂಡ್‌ನಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಹೆಂಡತಿ, ಅಮ್ಮ ಮುಂಚೆಯೇ ಹೋಗಿದ್ದರು. ನಾನು, ಮಗ ಇಬ್ಬರೇ. ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದದ್ದರಿಂದ ಗಾಡಿಗಳೆಲ್ಲ ತಡ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಅಕ್ಕಪಕ್ಕ ಕೂತೆವು. ಎದುರುಬದುರು ಅಲ್ಲ, ಇಬ್ಬರೂ ಹಳಿ ನೋಡುತ್ತಾ. ಅದೂ ಒಳ್ಳೆಯದೇ ಆಯಿತು ಅಂತ ಕಾಣುತ್ತದೆ.

"ಆವತ್ತು ಕೈ ಎತ್ತಿದ್ದು ತಪ್ಪು" ಅಂದೆ. ಅವನು ಹೂಂ ಅಂದ. ಒಂದು ಗಾಡಿ ಬಂತು, ಹೋಯಿತು. ನಾವು ಏಳಲಿಲ್ಲ. "ಮೊದಲ ಸಲ ಸೇದಿದಾಗ ಹೆದರಿಕೆ ಆಯ್ತಾ?" ಅಂತ ಕೇಳಿದೆ. ನಿಜವಾಗಿಯೂ ನನಗೆ ಅದರ ಉತ್ತರ ಗೊತ್ತಿರಲಿಲ್ಲ.

ತುಂಬಾ ಹೊತ್ತು ಸುಮ್ಮನಿದ್ದ. "ಎದೆ ಜೋರಾಗಿ ಹೊಡ್ಕೊಳ್ತಿತ್ತು. ಸತ್ತೇ ಹೋಗ್ತೀನಿ ಅನ್ನಿಸ್ತು. ರಾತ್ರಿಯೆಲ್ಲಾ ಹಾಸಿಗೆ ಮೇಲೆ ಕೂತಿದ್ದೆ. ನಿನ್ನನ್ನ ಎಬ್ಬಿಸೋಣ ಅಂತ ಬಾಗಿಲ ತನಕ ಬಂದಿದ್ದೆ."

"ಎಬ್ಬಿಸಬಹುದಿತ್ತಲ್ಲ."

ಅವನು ಉತ್ತರ ಕೊಡಲಿಲ್ಲ.

ಗಾಂಜಾಕ್ಕಿಂತ ಜಾಸ್ತಿ ನನ್ನನ್ನು ಸುಡುತ್ತಿರುವುದು ಇದು. ನನ್ನ ಮಗ ಸಾಯುತ್ತೇನೆ ಅಂದುಕೊಂಡು ನನ್ನ ಬಾಗಿಲ ತನಕ ಬಂದು ವಾಪಸ್ ಹೋಗಿದ್ದಾನೆ. ನಾನು ಒಳಗೆ ಗೊರಕೆ ಹೊಡೆಯುತ್ತಿದ್ದೆ. ಅವತ್ತು ಅದು ಗಾಂಜಾ ಬದಲು ಇನ್ನೇನೋ ಆಗಿದ್ದರೆ? ಅಲ್ಲೇ ಅವನಿಗೆ ಹೇಳಿದೆ: ನಿನಗಾಗಲಿ ನಿನ್ನ ಗೆಳೆಯರಿಗಾಗಲಿ ಮೈಮೇಲೆ ಎಚ್ಚರ ಇಲ್ಲ, ಉಸಿರು ನಿಧಾನ ಆಗ್ತಿದೆ, ತುಟಿ ನೀಲಿ ಆಗಿದೆ ಅಂದರೆ ಮಲಗಿ ಸರಿಹೋಗಲಿ ಅಂತ ಬಿಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ನನಗೆ ಮಾಡಿ. ಆ ರಾತ್ರಿ ಬೈಯೋದಿಲ್ಲ. ಅವನು ಮೊದಲ ಸಲ ತಿರುಗಿ ನನ್ನ ಮುಖ ನೋಡಿದ.

ಆಮೇಲೆ ತಾನಾಗಿ ಹೇಳುತ್ತಾ ಹೋದ. ಒಟ್ಟು ಮೂರು ಸಲವಂತೆ. ಕೋಚಿಂಗ್ ಕ್ಲಾಸಿನ ಟೆಸ್ಟಿನಲ್ಲಿ ಕೊನೆಯ ಬ್ಯಾಚಿಗೆ ಬಿದ್ದ ವಾರ ಶುರುವಾಗಿದ್ದು. ಅದನ್ನೂ ನಮಗೆ ಹೇಳಿರಲಿಲ್ಲ. ಫೀಸಿನ ಕಂತು ಕಟ್ಟುವಾಗ ನಾನು ಮನೆಯಲ್ಲಿ ಲೆಕ್ಕ ಹಾಕೋದು ಅವನಿಗೆ ಕೇಳಿಸುತ್ತಿತ್ತಂತೆ. ಯಾರು ತಂದು ಕೊಟ್ಟರು ಅಂತ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಮೂರೇ ಸಲವಾ? ಗೊತ್ತಿಲ್ಲ. ನಂಬಿದ್ದೇನೆ, ಕಣ್ಣನ್ನೂ ಇಟ್ಟಿದ್ದೇನೆ.

"ಈಗ ಹೇಳೋದೂ ಇದೆ" ಅಂದೆ. ಮನೆಯಲ್ಲಾಗಲಿ ಟೆರೇಸಿನಲ್ಲಾಗಲಿ ಸೇದೋ ಹಾಗಿಲ್ಲ. ಸೇದಿದವನ ಬೈಕ್ ಹತ್ತೋ ಹಾಗಿಲ್ಲ. ಪಾಕೆಟ್ ಮನಿಗೆ ಲೆಕ್ಕ ಕೊಡಬೇಕು. ಕೌನ್ಸೆಲರ್ ಹತ್ತಿರ ಹೋಗಬೇಕು. ಕೊನೆಯದಕ್ಕೆ ಮುಖ ಗಂಟು ಹಾಕಿದ, ಆದರೆ ಬೇಡ ಅನ್ನಲಿಲ್ಲ. ಪೂಜೆಗೆ ಹೋಗುವಷ್ಟರಲ್ಲಿ ಮಂಗಳಾರತಿ ಆಗಿಹೋಗಿತ್ತು. ಭಾವ ಗಡಿಯಾರ ತೋರಿಸಿ ಗೊಣಗಿದರು. ನಾವಿಬ್ಬರೂ ಪಕ್ಕಪಕ್ಕದಲ್ಲೇ ಊಟಕ್ಕೆ ಕೂತೆವು.

ಕಿಟ್ ಇನ್ನೂ ಬಿಚ್ಚಿಲ್ಲ. ಅದು ಇದೆ ಅಂತ ಅವನಿಗೆ ಹೇಳಿದ್ದೇನೆ.

ನಾಳೆ ಸಂಜೆ ಆರಕ್ಕೆ ಠಾಣೆಯಲ್ಲಿ ಕೌನ್ಸೆಲರ್ ಅಪಾಯಿಂಟ್‌ಮೆಂಟ್. ಈಗ ಊಟ ಆದಮೇಲೆ ಬಾಗಿಲಲ್ಲಿ ನಿಂತು, "ಒಳಗೆ ನೀನೂ ಬರ್ತೀಯಾ?" ಅಂತ ಕೇಳಿದ. "ನೀನು ಹೇಗೆ ಅಂತೀಯೋ ಹಾಗೆ" ಅಂದೆ.

ಸ್ವಲ್ಪ ಯೋಚನೆ ಮಾಡಿದ. "ಮೊದಲು ಹೊರಗೆ ಕೂತಿರು. ಬೇಕಾದ್ರೆ ಕರೀತೀನಿ."