ಮೋಯಾರ್ ದಾಟಿ ಬಂದವರ ಬೆಟ್ಟದಲ್ಲಿ

ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ 1117ರ ಶಾಸನವೊಂದಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಅಲ್ಲಿನ ಬುಡಕಟ್ಟಿನವರಾದ ತೊದವರನ್ನು ಬೆದರಿಸಿ ನೀಲಗಿರಿ ಹೊಕ್ಕ ಅಂತ ಅದು ಹೇಳುತ್ತದೆ. ಬಡಗರ ಹೆಸರು ಅದರಲ್ಲಿಲ್ಲ. ಇವತ್ತು ನೀಲಗಿರಿಯ ತುಂಬ ಇರುವ ಬಡಗರು ಆಗಿನ್ನೂ ಬೆಟ್ಟ ಹತ್ತಿರಲಿಲ್ಲವೇ? ಈ ಪ್ರಶ್ನೆ ಹೊತ್ತುಕೊಂಡೇ ಹೊರಟೆವು.

ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವು ಇಳಿದೆವು. ಘಾಟಿಗೆ ಮುಂಚೆ ಬಲಕ್ಕೆ ತಲಮಲೆ ಕಾಡು. ಬಡಗರ ಕಥೆ ಶುರುವಾಗುವುದು ಅಲ್ಲಿಂದ. ಸತ್ಯಮಂಗಲ, ಮೇಟ್ಟುಪಾಳಯಂ ಸುತ್ತಿ ಕೋತಗಿರಿ ತಲುಪಿದಾಗ ಸಂಜೆ.

ಮರುದಿನ ಒಂದು ಹಟ್ಟಿಗೆ ಹೋದೆವು. ಬಡಗರ ಊರಿಗೆಲ್ಲ ಹಟ್ಟಿ ಅಂತಲೇ ಹೆಸರು. ಸಾಲು ಮನೆಗಳು, ಮುಂದೆ ಅಂಗಳ, ಕೆಳಗೆ ಟೀ ತೋಟ. ಜಗಲಿಯಲ್ಲಿದ್ದ ಅಜ್ಜನಿಗೆ ನಮ್ಮ ಕನ್ನಡ ತಿಳಿಯಿತು. ಅವರ ಬಡಗ ಮಾತು ನಮಗೆ ನಿಧಾನಕ್ಕೆ ಕಿವಿಗೆ ಹತ್ತಿತು. ಅದನ್ನು ಕನ್ನಡದ ಉಪಭಾಷೆ ಅಂತ ಸುಮ್ನೆ ಹೇಳಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಅದು ತನ್ನದೇ ದಾರಿ ಹಿಡಿದು ಬೆಳೆದ ಭಾಷೆ.

ಅಜ್ಜ ಹೇಳಿದ ಕಥೆ ಹೀಗೆ. ತಲಮಲೆಯಲ್ಲಿ ಏಳು ಜನ ಅಣ್ಣತಮ್ಮಂದಿರು, ಅವರಿಗೊಬ್ಬ ತಂಗಿ. ದೊರೆಯೊಬ್ಬ ಆಕೆಯ ಮೇಲೆ ಕಣ್ಣು ಹಾಕಿದ. ರಾತ್ರೋರಾತ್ರಿ ಮೋಯಾರ್ ಹೊಳೆ ದಾಟಿ ಬೆಟ್ಟ ಹತ್ತಿದರು.

"ಯಾವ ದೊರೆ ಅಜ್ಜಾ?" ಅಂದೆ.

"ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರೆ" ಅಂದರು.

ಟಿಪ್ಪು ಅನ್ನುವವರೂ ಇದ್ದಾರೆ. ಆದರೆ 1603ರಲ್ಲೇ ಫಿನಿಚಿಯೊ ಎಂಬ ಇಟಲಿಯ ಪಾದ್ರಿ ಬೆಟ್ಟ ಹತ್ತಿ ಬಡಗರನ್ನು ಕಂಡು ಬರೆದಿದ್ದಾನೆ. ಟಿಪ್ಪು ಹುಟ್ಟುವ ಎಷ್ಟೋ ಮುಂಚಿನ ಮಾತು! ವಿಜಯನಗರ ಬಿದ್ದ 1565ರ ನಂತರದ ಗಲಾಟೆಯಲ್ಲಿ ಬಂದಿರಬೇಕು ಅನ್ನುವವರು ಜಾಸ್ತಿ. ನನಗನಿಸಿದ್ದು ಇಷ್ಟು: ಕಥೆಯಲ್ಲಿ ದೊರೆ ಬದಲಾಗುತ್ತಾನೆ, ದಿಕ್ಕು ಮಾತ್ರ ಬದಲಾಗುವುದಿಲ್ಲ. ಬಡಗ ಅಂದರೆ ಉತ್ತರದವನು, ಹೆಸರು ಹೇಳುವುದೂ ಅದನ್ನೇ.

ಸಮಾಧಿಗಳು ಮಾತ್ರ ಬೇರೆ ಕಥೆ ಹೇಳುತ್ತವೆ. ಈ ಬೆಟ್ಟಗಳ ನೆತ್ತಿಯ ಮೇಲೆ ಕಲ್ಲುಗುಪ್ಪೆಯ ಹಳೆಯ ಗೋರಿಗಳಿವೆ. ನೀಲಗಿರಿಯ ಮೊದಲ ಕಮಿಷನರ್ ಬ್ರೀಕ್ಸ್ 1870ರ ಆಸುಪಾಸಿನಲ್ಲಿ ಇಂಥವನ್ನು ಅಗೆಸಿದ. ಎಮ್ಮೆಯ ಗೊಂಬೆ ಕೂರಿಸಿದ ಮಣ್ಣಿನ ಮುಚ್ಚಳಗಳು ಸಿಕ್ಕವು. ಚೆನ್ನೈ ಮ್ಯೂಸಿಯಂನಲ್ಲಿ ಅವನ್ನು ನೋಡಬಹುದು. ಆ ಗೋರಿಗಳು ಇವರಿಗಿಂತ ಮುಂಚಿನವರದ್ದು ಅನ್ನುವುದೇ ನನಗೆ ಸರಿ ಕಾಣುತ್ತದೆ.

ಬಡಗರ ಸಾವಿನ ನೆನಪು ಕಲ್ಲಿನಲ್ಲಿಲ್ಲ, ಬಾಯಲ್ಲಿದೆ. ಸಾವಿನ ಮನೆಯಲ್ಲಿ 'ಕರು ಹರಚೋದು' ಅನ್ನುವ ಪ್ರಾರ್ಥನೆ ಹೇಳುತ್ತಾರೆ. ಗಡಿಕಲ್ಲು ಸರಿಸಿದ್ದು, ಹಾವು ಕೊಂದದ್ದು, ಹೀಗೆ ಸತ್ತವರೂ ಹಿರಿಯರೂ ಮಾಡಿದ ಸಾವಿರದ ಮುನ್ನೂರು ಪಾಪ ಕಳೆಯಲಿ ಅಂತ ಬೇಡುತ್ತಾರೆ. ಹಿಂದೆ ಆ ಪಾಪವನ್ನೆಲ್ಲ ಕರುವಿನ ಮೇಲೆ ಹಾಕಿ ಅದನ್ನು ಬಿಟ್ಟುಬಿಡುತ್ತಿದ್ದರಂತೆ. ಅಜ್ಜ ಎರಡು ಸಾಲು ಹೇಳಿ ನಿಲ್ಲಿಸಿದರು. ಸಾವಿಲ್ಲದ ಮನೆಯಲ್ಲಿ ಪೂರ್ತಿ ಹೇಳಬಾರದು, ಅಲ್ವಾ?

ಸಂಜೆ ಕೊಡನಾಡಿನ ವ್ಯೂ ಪಾಯಿಂಟ್‌ನಲ್ಲಿ ನಿಂತೆವು. ತೀರಾ ಕೆಳಗೆ ಮೋಯಾರ್ ಹೊಳೆ, ಆಚೆ ತಲಮಲೆಯ ದಿಬ್ಬಗಳು. ಓಡಿಬಂದ ದಾರಿ ಇಲ್ಲಿಂದ ಪೂರ್ತಿ ಕಾಣುತ್ತದೆ. ಜೊತೆಗೆ ಬಂದಿದ್ದ ಅಜ್ಜನ ಮೊಮ್ಮಗನಿಗೆ ಮಾತ್ರ ಈ ವಲಸೆಯ ಮಾತೇ ಹಿಡಿಸಲಿಲ್ಲ. "ನಾವು ಈ ಬೆಟ್ಟದವರೇ ಸಾರ್" ಅಂದ. ಬಡಗರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅನ್ನುವ ಬೇಡಿಕೆ ದಶಕಗಳಿಂದ ಇದೆ. ಎಲ್ಲಿಂದಲೋ ಬಂದವರು ಅಂತ ಬೇರೆಯವರು ಬರೆದಿಟ್ಟರೆ ಅವನಿಗೆ ನೋವಾಗುವುದು ಸಹಜ. ನಾನೂರು ವರ್ಷಕ್ಕೂ ಮಿಕ್ಕಿ ಬದುಕಿದ ನೆಲ ಅವರದಲ್ಲ ಅಂತ ಯಾರು ಹೇಳಿಯಾರು?