ಮೂರನೇ ದಿನದ ಮಂಪರು

29 ಅಕ್ಟೋಬರ್ 2024, ಮಂಗಳವಾರ

ಪಾರ್ಶ್ವವಾಯು ಹೊಡೆದು ಎರಡು ದಿನ ಪರವಾಗಿಲ್ಲ ಎನ್ನುವಂತಿದ್ದ ರೋಗಿ ಮೂರನೇ ದಿನ ಮಂಕಾಗುವುದುಂಟು. ಇನ್ನೊಂದು ಸ್ಟ್ರೋಕ್ ಆಯಿತೇನೋ ಎಂದು ಮನೆಯವರಿಗೆ ಗಾಬರಿ. ಎಷ್ಟೋ ಸಲ ಅದು ಹೊಸ ಪೆಟ್ಟಲ್ಲ, ಹಳೆಯ ಪೆಟ್ಟಿನ ಸುತ್ತ ಎದ್ದ ಉರಿಯೂತ ಮತ್ತು ಬಾವು.

ರಕ್ತನಾಳ ಕಟ್ಟಿಕೊಂಡಾಗ ರಕ್ತ ಸಿಗದ ಜಾಗದ ನಡುಭಾಗದ ನರಕೋಶಗಳು ನಿಮಿಷಗಳಲ್ಲೇ ಸಾಯತೊಡಗುತ್ತವೆ. ಒಡೆದ ಕೋಶದಿಂದ ಎಟಿಪಿಯಂಥ (ಕೋಶಕ್ಕೆ ಶಕ್ತಿ ಕೊಡುವ ಅಣು) ಒಳಸರಕು ಹೊರಚೆಲ್ಲುತ್ತದೆ. ಮಿದುಳಿನ ಕಾವಲು ಕೋಶವಾದ ಮೈಕ್ರೋಗ್ಲಿಯಾಕ್ಕೆ ಅದೇ ಅಪಾಯದ ಸುಳಿವು. ತೆಳ್ಳನೆಯ ಕವಲುಗಳನ್ನು ಒಳಗೆಳೆದುಕೊಂಡು ದುಂಡಗಾಗಿ, ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಉರಿಯೂತ ಎಬ್ಬಿಸುವ ಪ್ರೋಟೀನ್‌ಗಳನ್ನು ಸುರಿಸತೊಡಗುತ್ತದೆ. ಇವು ತಗುಲಿದ ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ. ರಕ್ತದಲ್ಲಿ ಸಾಗುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಅಲ್ಲಿ ಉರುಳುತ್ತ ನಿಧಾನವಾಗಿ, ಕೊನೆಗೆ ಅಂಟಿ ನಿಂತು, ಗೋಡೆ ದಾಟಿ ನುಸುಳುತ್ತದೆ. ಮೊದಲ 3 ದಿನಗಳಲ್ಲಿ ಇವುಗಳ ದಾಳಿ ಹೆಚ್ಚು. ಇವು ಬಿಡುವ ಎಂಎಂಪಿ-9 ಎಂಬ ಕಿಣ್ವ ನಾಳಕ್ಕೆ ಆಧಾರವಾದ ಕೊಲಾಜನ್ ಪದರವನ್ನೇ ಕಡಿಯುತ್ತದೆ. ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಸಡಿಲವಾಗಿ ನೀರು, ಪ್ರೋಟೀನ್, ಕೆಲವೊಮ್ಮೆ ರಕ್ತವೇ ಒಸರುತ್ತದೆ. ಸಾಮಾನ್ಯವಾಗಿ 3ರಿಂದ 5ನೇ ದಿನದೊಳಗೆ ಬಾವು ವಿಪರೀತಕ್ಕೇರುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲವಲ್ಲ, ಹಾಗಾಗಿ ಊದಿದ ಭಾಗ ಪಕ್ಕದ ಭಾಗವನ್ನು ಒತ್ತುತ್ತದೆ. ಹೆಚ್ಚುವ ನಿದ್ದೆ, ವಾಂತಿ, ಒಂದು ಕಣ್ಣಿನ ಪಾಪೆ ಮಾತ್ರ ಹಿಗ್ಗುವುದು: ಇವನ್ನು ಕಂಡರೆ ಆ ಕ್ಷಣವೇ ವೈದ್ಯರನ್ನು ಕರೆಯಬೇಕು. ದೊಡ್ಡ ಸ್ಟ್ರೋಕ್‌ನಲ್ಲಿ 48 ಗಂಟೆಯೊಳಗೆ ಬುರುಡೆಯ ಒಂದು ಭಾಗ ತೆಗೆದು ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ.

‘ಉರಿಯೂತ ತಾನೇ, ಸ್ಟಿರಾಯ್ಡ್ ಕೊಡಬಾರದೇ?’ ಮಿದುಳಿನ ಗಡ್ಡೆಯ ಸುತ್ತಲಿನ ಬಾವಿಗೆ ಅದು ಒಗ್ಗುತ್ತದೆ, ಸ್ಟ್ರೋಕ್‌ನಲ್ಲಿ ಪ್ರಯೋಜನ ಕಂಡಿಲ್ಲ. ಸಕ್ಕರೆ ಏರುತ್ತದೆ, ಸೋಂಕು ಹತ್ತುತ್ತದೆ. ನ್ಯೂಟ್ರೋಫಿಲ್ ಅಂಟದಂತೆ ತಡೆಯಲು ಹೊರಟ ಎನ್ಲಿಮೊಮ್ಯಾಬ್ ಔಷಧವನ್ನು 625 ರೋಗಿಗಳಲ್ಲಿ ಪರೀಕ್ಷಿಸಿದಾಗ ಔಷಧ ಪಡೆದವರ ಸ್ಥಿತಿಯೇ ಹದಗೆಟ್ಟಿತು. ಅದು ಇಲಿಯ ಪ್ರತಿಕಾಯ (ರೋಗನಿರೋಧಕ ಪ್ರೋಟೀನ್) ಆಗಿದ್ದರಿಂದ ಮೈ ಅದರ ಮೇಲೆಯೇ ತಿರುಗಿಬಿದ್ದಿರಬೇಕು ಎಂಬ ವಿವರಣೆ ಇದೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಹೊತ್ತಿನ ಪ್ರಶ್ನೆ. ಮೊದಲ ವಾರ ಗೋಡೆ ಕಡಿಯುವ ಎಂಎಂಪಿ-9 ಎರಡನೇ ವಾರ ಹೊಸ ರಕ್ತನಾಳ ಬೆಳೆಯಲು ಬೇಕು ಎಂದು ಪ್ರಾಣಿಗಳ ಪ್ರಯೋಗ ತೋರಿಸಿದೆ. ಸತ್ತ ಕೋಶಗಳ ಕಸ ಗುಡಿಸುವುದೂ ಇದೇ ರೋಗನಿರೋಧಕ ಪಡೆ. ಸುಮ್ಮನೆ ಎಲ್ಲವನ್ನೂ ಅದುಮಿದರೆ ರಿಪೇರಿಯೂ ನಿಲ್ಲುತ್ತದೆ.

ಮಿದುಳು ಉರಿಯುತ್ತಿರುವಾಗಲೇ ಉಳಿದ ಮೈಯಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳ ಸಂಖ್ಯೆ ಕುಸಿಯುತ್ತದೆ. ನುಂಗುವ ಶಕ್ತಿಯೂ ಕುಂದಿದ್ದರೆ ನ್ಯುಮೋನಿಯಾಕ್ಕೆ ದಾರಿ ತೆರೆದಂತೆ. ಅದಕ್ಕೇ ನುಂಗುವ ಪರೀಕ್ಷೆ ಆಗುವ ತನಕ ಬಾಯಿಗೆ ಒಂದು ಗುಟುಕು ನೀರೂ ಬೇಡ, ಮಾತ್ರೆಯೂ ಬೇಡ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇಳಿಸುವುದರ ಜೊತೆಗೆ ಎದೆ, ಮೂತ್ರ, ಸೂಜಿ ಚುಚ್ಚಿದ ಜಾಗ ಮೂರನ್ನೂ ಅದೇ ದಿನ ನೋಡಬೇಕು.